ಘಟ್ಟ ಇಳಿದ ಒಂದು ಪದ

ಕಾಶಿಗೆ ಹೋದ ಕನ್ನಡಿಗರಿಗೆ ಹಿಂದಿ ಬಾರದಿದ್ದರೂ ಒಂದು ಪದ ಮಾತ್ರ ಮೊದಲ ದಿನವೇ ನಾಲಿಗೆಗೆ ಹತ್ತಿಬಿಡುತ್ತದೆ. ಆಟೋದವನು ‘ಕೌನ್ ಸಾ ಘಾಟ್?’ ಎಂದು ಕೇಳುತ್ತಾನೆ. ಲಾಡ್ಜಿನವನು ‘ಘಾಟ್ ಇಲ್ಲಿಂದ ಐದೇ ನಿಮಿಷ’ ಎನ್ನುತ್ತಾನೆ. ದೋಣಿಯವನು ‘ಎಲ್ಲ ಘಾಟ್ ತೋರಿಸುತ್ತೇನೆ, ಬನ್ನಿ’ ಎಂದು ಬೆನ್ನು ಹತ್ತುತ್ತಾನೆ. ದಕ್ಷಿಣದ ಅಸ್ಸಿಯಿಂದ ಹಿಡಿದು ಉತ್ತರದಲ್ಲಿ ವರುಣಾ ಸಂಗಮದ ಆದಿಕೇಶವದವರೆಗೆ ಒಟ್ಟು 84 ಘಾಟ್‌ಗಳು ಎಂಬುದು ರೂಢಿಯ ಲೆಕ್ಕ. ಅಲ್ಲಿ ಊರೆಂದರೆ ಘಾಟ್, ವಿಳಾಸವೆಂದರೆ ಘಾಟ್, ಬೆಳಗಿನ ಸ್ನಾನವೂ ಘಾಟ್, ಕೊನೆಯ ಚಿತೆಯೂ ಘಾಟ್.

ಬೆಳ್ತಂಗಡಿಯ ಕಡೆಯ ನಮ್ಮ ದೊಡ್ಡಮ್ಮನನ್ನು ಕಾಶಿಗೆ ಕರೆದುಕೊಂಡು ಹೋದಾಗ ಈ ಪದವೇ ಒಂದು ತಮಾಷೆ ಮಾಡಿತು. ಅವರು ಹುಟ್ಟಿ ಬೆಳೆದದ್ದು ಚಾರ್ಮಾಡಿ ಘಾಟಿಯ ಬುಡದಲ್ಲಿ. ‘ದಶಾಶ್ವಮೇಧ ಘಾಟ್‌ಗೆ ಹೋಗುವ’ ಎಂದದ್ದೇ ಸುತ್ತ ಒಮ್ಮೆ ನೋಡಿ, ‘ಇಲ್ಲಿ ಘಟ್ಟ ಎಲ್ಲುಂಟು ಮಾರಾಯ? ಎಲ್ಲ ಬಯಲೇ ಉಂಟಲ್ಲ!’ ಎಂದರು. ದೋಣಿ ಹತ್ತಿದ ಮೇಲೆ ಅಂಬಿಗ ಕೇಳಿದ, ‘ಮಾತಾಜಿ, ನಿಮ್ಮ ಊರಲ್ಲೂ ಘಾಟ್ ಇದೆಯೇ?’ ನಾನು ಕನ್ನಡಕ್ಕೆ ತಿಳಿಸಿದೆ. ದೊಡ್ಡಮ್ಮ ಗಂಭೀರವಾಗಿ, ‘ಉಂಟು ಅಂತ ಹೇಳು. ನಮ್ಮ ಘಟ್ಟ ಹತ್ತಿ ಮುಗಿಸಲಿಕ್ಕೆ ಬಸ್ಸಿಗೇ ಒಂದು ಗಂಟೆ ಬೇಕು ಅಂತ ಹೇಳು’ ಎಂದರು. ಅಷ್ಟು ದೊಡ್ಡ ಮೆಟ್ಟಿಲನ್ನು ಯಾವ ರಾಜ ಕಟ್ಟಿಸಿದನೋ ಎಂದು ಅಂಬಿಗ ಹುಟ್ಟು ಹಾಕುವುದನ್ನೇ ನಿಲ್ಲಿಸಿ ನೋಡಿದ.

ಒಂದೇ ಪದ. ಒಬ್ಬರಿಗೆ ಅದು ನೀರಿಗೆ ಇಳಿಯುವ ಮೆಟ್ಟಿಲು, ಇನ್ನೊಬ್ಬರಿಗೆ ಮೋಡ ಮುಟ್ಟುವ ಬೆಟ್ಟ. ಇಬ್ಬರಲ್ಲಿ ಯಾರೂ ತಪ್ಪು ಹೇಳಲಿಲ್ಲ. ಹಾಗಾದರೆ ಈ ಪದದ ಹೊಟ್ಟೆಯಲ್ಲಿ ಇರುವುದೇನು?

ಮೊದಲು ನಮ್ಮ ಮನೆಯನ್ನೇ ನೋಡೋಣ. ಕನ್ನಡದಲ್ಲಿ ಬರೀ ‘ಘಟ್ಟ’ ಎಂದರೆ ಬೆಟ್ಟಸಾಲು. ‘ಘಾಟಿ’ ಎಂದರೆ ಅದನ್ನು ಹತ್ತಿಳಿಯುವ ದಾರಿ: ಶಿರಾಡಿ ಘಾಟಿ, ಚಾರ್ಮಾಡಿ ಘಾಟಿ, 14 ತಿರುವುಗಳ ಆಗುಂಬೆ ಘಾಟಿ. ಆದರೆ ಕಾಶಿಯ ಅರ್ಥ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ‘ಸ್ನಾನಘಟ್ಟ’ ಎನ್ನುತ್ತೇವಲ್ಲ! ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದವರು ಕುಮಾರಧಾರೆಯ ಸ್ನಾನಘಟ್ಟದಲ್ಲಿ ಮುಳುಗು ಹಾಕಿ ತಲೆ ಎತ್ತಿದರೆ ಎದುರಿಗೆ ಕಾಣುವುದು ಘಟ್ಟ. ನೀರಿನ ಘಟ್ಟದಲ್ಲಿ ನಿಂತು ಬೆಟ್ಟದ ಘಟ್ಟವನ್ನು ನೋಡುವ ಈ ಭಾಗ್ಯ ಕಾಶಿಯವರಿಗೂ ಇಲ್ಲ. ಇನ್ನು ಮೂರನೆಯ ಅರ್ಥ ದಿನಪತ್ರಿಕೆಯಲ್ಲಿ ಸಿಗುತ್ತದೆ: ‘ಮಾತುಕತೆ ನಿರ್ಣಾಯಕ ಘಟ್ಟ ತಲುಪಿದೆ’, ‘ಪಂದ್ಯ ಕೊನೆಯ ಘಟ್ಟದಲ್ಲಿದೆ’. ಇಲ್ಲಿ ನೀರೂ ಇಲ್ಲ, ಬೆಟ್ಟವೂ ಇಲ್ಲ, ಇರುವುದು ಹಂತ. ಮೆಣಸಿನಕಾಯಿ ಹುರಿದಾಗ ಏಳುವ ‘ಘಾಟು’ ಮಾತ್ರ ಬೇರೆ ಪದ, ಅದನ್ನು ಈ ಪಂಕ್ತಿಗೆ ಕೂರಿಸುವುದು ಬೇಡ.

‘ಹಂತ’ ಎಂಬ ಆ ಮೂರನೆಯ ಅರ್ಥದಲ್ಲೇ ಬೀಗದ ಕೈ ಇದೆ. ಹಂತವೆಂದರೆ ಮೆಟ್ಟಿಲು. ಸಂಸ್ಕೃತ ನಿಘಂಟುಗಳಲ್ಲಿ ‘ಘಟ್ಟ’ ಎಂದರೆ ನದಿಗೆ ಇಳಿಯುವ ತಾಣ. ಆ ಪದಕ್ಕೂ ನಮ್ಮ ‘ಕಟ್ಟು’, ‘ಕಟ್ಟೆ’ಗಳಿಗೂ ನಂಟು ಕಾಣುವ ವಿದ್ವಾಂಸರಿದ್ದಾರೆ. ವಂಶಾವಳಿ ಏನೇ ಇರಲಿ, ಪದದ ಕೆಲಸ ಸ್ಪಷ್ಟ. ಎತ್ತರವಾದ ನೆಲವೂ ತಗ್ಗಾದ ನೆಲವೂ ಸೇರುವ ಕಡೆ, ಮನುಷ್ಯ ಹತ್ತಲು ಇಳಿಯಲು ಮಾಡಿಕೊಂಡ ಜಾಗವೇ ಘಟ್ಟ. ಕೆಳಗೆ ನದಿಯಿದ್ದರೆ ಅದು ಮೆಟ್ಟಿಲು, ಕೆಳಗೆ ಕರಾವಳಿಯಿದ್ದರೆ ಅದು ಬೆಟ್ಟದ ದಾರಿ.

ಕಾಶಿಯಲ್ಲಿ ಆ ಎತ್ತರ ತಗ್ಗು ಎಷ್ಟೆಂಬುದು ಮಳೆಗಾಲದಲ್ಲಿ ಗೊತ್ತಾಗುತ್ತದೆ. ಅಲ್ಲಿ ಗಂಗೆ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಊರಿರುವುದು ಪಶ್ಚಿಮದ ಎತ್ತರದ ದಂಡೆಯಲ್ಲಿ, ಆಚೆ ದಡದಲ್ಲಿ ಬರೀ ಮರಳು. ಬೇಸಿಗೆಯ ನೀರಿಗೂ ನೆರೆಯ ನೀರಿಗೂ 10 ಮೀಟರಿಗಿಂತ ಹೆಚ್ಚು ವ್ಯತ್ಯಾಸ. ವಾರಾಣಸಿಯಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರ್, 1978ರ ನೆರೆಯಲ್ಲಿ ನೀರು 73.901 ಮೀಟರ್ ಮುಟ್ಟಿತ್ತು. ನೀರು ಏರಿದಂತೆ ಸಂಜೆಯ ಆರತಿ ಮೇಲಿನ ಮೆಟ್ಟಿಲಿಗೆ, ಅಲ್ಲಿಂದ ಮಾಳಿಗೆಗೆ ಹೋಗುತ್ತದೆ. ಮಣಿಕರ್ಣಿಕೆಯಲ್ಲಿ ಚಿತೆಗಳೂ ಮೇಲಿನ ಜಗುಲಿಗೆ ಏರುತ್ತವೆ. ಮೆಟ್ಟಿಲುಗಳು ಅಷ್ಟೊಂದು ಇರುವುದು ನೋಟಕ್ಕಲ್ಲ. ಯಾವ ತಿಂಗಳಲ್ಲಿ ಬಂದರೂ ಒಂದಲ್ಲ ಒಂದು ಮೆಟ್ಟಿಲು ನೀರಿನ ಅಂಚಿನಲ್ಲಿರಬೇಕು ಎಂಬುದಕ್ಕೆ.

ಈ ಸಾಲಿನಲ್ಲಿ ನಮ್ಮದೂ ಒಂದಿದೆ. ಹನುಮಾನ್ ಘಾಟ್ ಮತ್ತು ಹರಿಶ್ಚಂದ್ರ ಘಾಟ್‌ಗಳ ನಡುವಿನದು ಕರ್ನಾಟಕ ಘಾಟ್, ಮೈಸೂರು ಸಂಸ್ಥಾನದ ಕಾಲದ್ದು. ಹೆಸರನ್ನು ಓದಿದಾಗ ಕಾಶಿಯವರ ಕಣ್ಣಿಗೆ ಹತ್ತಾರು ಮೆಟ್ಟಿಲು ಕಾಣುತ್ತವೆ, ನಮ್ಮ ಕಣ್ಣಿಗೆ ಕೊಡಚಾದ್ರಿ, ಕುದುರೆಮುಖ, ಪುಷ್ಪಗಿರಿ ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ.

ಕಾಶಿಯಿಂದ ಸುತ್ತಲಿನ ಭಾಷೆಗಳಿಗೆ ಹೊರಟರೆ ಪದ ಊರಿಗೊಂದು ವೇಷ ತೊಡುತ್ತದೆ. ಹಿಂದಿಯಲ್ಲಿ ‘ಘಾಟಿ’ ಎಂದರೆ ಇಂದು ಕಣಿವೆ. ಟಿವಿಯಲ್ಲಿ ‘ಕಶ್ಮೀರ್ ಘಾಟಿ’ ಎಂದು ಕೇಳಿದ ಕನ್ನಡಿಗನ ಕಣ್ಣಿಗೆ ತಿರುವುಮುರುವಿನ ರಸ್ತೆ ಕಂಡರೆ ಆಶ್ಚರ್ಯವಿಲ್ಲ. ಹೇಳಿದವರು ಹೇಳಿದ್ದು ಬೆಟ್ಟಗಳ ನಡುವಿನ ತಗ್ಗು. ಆದರೆ ಅದೇ ಹಿಂದಿಯಲ್ಲಿ ರಾಜಸ್ಥಾನದ ಹಲ್ದೀಘಾಟಿ ಬೆಟ್ಟದ ಸಂದಿನ ದಾರಿಯೇ. ಹಳೆಯ ಬಂಗಾಳ ಬಿಹಾರಗಳ ಗುಡ್ಡಗಾಡಿನಲ್ಲಿ ಇಂಥ ದಾರಿಗಳನ್ನು ಕಾಯುತ್ತಿದ್ದವರಿಗೆ ‘ಘಾಟ್ವಾಲ್’ ಎಂದೇ ಹೆಸರಿತ್ತು, ಅದಕ್ಕಾಗಿ ಅವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ಅಂದರೆ ಬೆಟ್ಟದ ಅರ್ಥ ಬರೀ ದಕ್ಷಿಣದ್ದಲ್ಲ. ನಮ್ಮ ‘ಕಣಿವೆ’ಯೂ ಇದೇ ದಾರಿ ಹಿಡಿದ ಪದ: ಹಿಂದೆ ಅದು ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಾದ ದಾರಿ, ಈಗ ವಿಶಾಲವಾದ ತಗ್ಗು ನೆಲ.

ಮರಾಠಿಯಲ್ಲಿ ಎರಡೂ ಅರ್ಥಗಳು ಪಕ್ಕಪಕ್ಕದಲ್ಲೇ ಸಂಸಾರ ಮಾಡುತ್ತವೆ. ಪುಣೆಗೆ ಹೋಗುವಾಗ ಹತ್ತುವುದು ಬೋರ್ ಘಾಟ್, ನಾಸಿಕದಲ್ಲಿ ಸ್ನಾನಕ್ಕೆ ಇಳಿಯುವುದೂ ಘಾಟ್. ಕೋಲ್ಕತ್ತದವರಿಗೆ ಘಾಟ್ ಎಂದರೆ ಹೂಗ್ಲಿ ದಾಟಲು ದೋಣಿ ಹತ್ತುವ ಕಟ್ಟೆ. ದೆಹಲಿಯ ಓದುಗರಿಗೆ ಬೇರೆಯೇ ಅನುಭವ. ಅಲ್ಲಿ ರಾಜಘಾಟ್, ವಿಜಯಘಾಟ್, ಕಿಸಾನ್ ಘಾಟ್ ಎಂದರೆ ನಾಯಕರ ಸಮಾಧಿ. ಯಮುನೆ ಪಕ್ಕದಲ್ಲೇ ಇದ್ದರೂ ಅಲ್ಲಿ ಯಾರೂ ನೀರಿಗೆ ಇಳಿಯುವುದಿಲ್ಲ, ಹೂವಿಟ್ಟು ಬರುತ್ತಾರೆ.

ದಕ್ಷಿಣಕ್ಕೆ ಬಂದರೆ ಇನ್ನೊಂದು ಸ್ವಾರಸ್ಯ. ತೆಲುಗರು ಪಶ್ಚಿಮ ಘಟ್ಟವನ್ನು ‘ಪಡಮಟಿ ಕನುಮಲು’ ಎನ್ನುತ್ತಾರೆ. ‘ಕನುಮ’ ಎಂದರೆ ಬೆಟ್ಟದ ದಾರಿ, ನಮ್ಮ ‘ಕಣಿವೆ’ಯ ಅಕ್ಕ. ಘಾಟ್ ಪದವನ್ನು ಅವರು ತಿರುಮಲದ ‘ಘಾಟ್ ರೋಡ್’ಗೆ ಉಳಿಸಿಕೊಂಡಿದ್ದಾರೆ. ತಮಿಳರು ಅದನ್ನೂ ಬಿಟ್ಟು ‘ಮೇರ್ಕುತ್ ತೊಡರ್ಚ್ಚಿ ಮಲೈ’, ಅಂದರೆ ಪಡುವಣದ ಸಾಲುಬೆಟ್ಟ ಎಂದರು. ಆದರೆ ಹಂತ ಎನ್ನಲು ಅವರಿಗೂ ‘ಕಟ್ಟಂ’ ಇದೆ. ಮಲಯಾಳಿಗಳು ನಮ್ಮಂತೆಯೇ ‘ಪಶ್ಚಿಮಘಟ್ಟಂ’ ಎನ್ನುತ್ತಾರೆ. ಇನ್ನು ಪಾಲಕ್ಕಾಡು ಇಂಗ್ಲಿಷರ ಬಾಯಲ್ಲಿ ‘ಪಾಲ್ಘಾಟ್’ ಆಯಿತು. ಅಲ್ಲಿದ್ದದ್ದು ಕಾಡು, ಘಾಟ್ ಅಲ್ಲ. ಆದರೂ ಬೆಟ್ಟಸಾಲು ದೊಡ್ಡದಾಗಿ ಬಾಯಿ ತೆರೆದು ದಾರಿ ಬಿಡುವುದು ಅಲ್ಲಿಯೇ ಆದ್ದರಿಂದ ಕೇಳಿದವರಿಗೆ ಅದು ಸಹಜವಾಗಿಯೇ ಕೇಳಿಸಿತು.

ಈ ಪದ ಸಮುದ್ರ ದಾಟಿದ್ದು ಪೋರ್ಚುಗೀಸರ ಹಡಗಿನಲ್ಲಿ. ಅವರ ಮಹಾಕವಿ ಕಮೊಯೆಂಶ್ 1572ರಲ್ಲಿ ಪ್ರಕಟಿಸಿದ ‘ಲೂಸಿಯಾದಾಸ್’ ಕಾವ್ಯದಲ್ಲಿ ಮಲಬಾರಿನ ಹಿಂದಿರುವ ಬೆಟ್ಟಸಾಲನ್ನು ಅಲ್ಲಿಯ ಜನ ಕರೆಯುವುದು ಹೀಗೆ ಎಂದು ಹೇಳಿ ‘ಗಾತೆ’ ಎಂಬ ಹೆಸರು ಕೊಡುತ್ತಾನೆ. ಈ ಸಾಕ್ಷಿ ಮುಖ್ಯ. ಘಟ್ಟವೆಂದರೆ ದಾರಿ ಮಾತ್ರ, ಅದನ್ನು ಇಡೀ ಬೆಟ್ಟಸಾಲಿಗೆ ಅಂಟಿಸಿದವರು ಯುರೋಪಿನವರು ಎಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ 450 ವರ್ಷಗಳ ಹಿಂದೆಯೇ ಕರಾವಳಿಯ ಜನ ಬೆಟ್ಟಸಾಲಿಗೆ ಆ ಹೆಸರು ಹೇಳುತ್ತಿದ್ದರು ಎಂದು ಆ ಕವಿ ಬರೆದಿಟ್ಟಿದ್ದಾನೆ. ನಮ್ಮ ದೊಡ್ಡಮ್ಮನ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಅಲ್ಲಿಂದ ಪದ ಯುರೋಪಿನ ಮನೆಮನೆಗೂ ಹೋಯಿತು. ಪೋರ್ಚುಗೀಸರಿಗೆ ಅದು ಇಂದಿಗೂ ‘ಗಾತೆ’ಯ ಬಹುವಚನ. ಇಟಲಿಯವರು ತಮ್ಮ ವ್ಯಾಕರಣದಂತೆ ಕೊನೆಗೆ ಇಕಾರ ಹಚ್ಚಿ ‘ಗಾತಿ’ ಮಾಡಿಕೊಂಡರು. ಫ್ರೆಂಚರು ಕೊನೆಯ ಅಕ್ಷರವನ್ನು ಬರೆದೂ ಉಚ್ಚರಿಸದೆ ಬಿಟ್ಟರು. ಜರ್ಮನರು ದಿಕ್ಕನ್ನೂ ಬೆಟ್ಟವನ್ನೂ ಒಂದೇ ಪದವಾಗಿ ಹೊಲಿದು ‘ವೆಸ್ಟ್‌ಘಾಟ್ಸ್’ ಎಂದರು. ಪೋರ್ಚುಗೀಸರ ಕಾಗುಣಿತವನ್ನು ಇಂಗ್ಲಿಷ್ ಬಲ್ಲವರು ಓದಿದರೆ ಅದು ‘ಗೇಟ್’ ಆಗಿಬಿಡುತ್ತದೆ. ಬೆಟ್ಟದ ದಾರಿ ಒಂದು ರೀತಿಯಲ್ಲಿ ಬಾಗಿಲೇ ಆದ್ದರಿಂದ ಆ ತಪ್ಪು ಓದೂ ಅರ್ಥಕ್ಕೆ ಅಡ್ಡಬರುವುದಿಲ್ಲ.

ಇಂಗ್ಲಿಷರು ಬಂದಲ್ಲೆಲ್ಲ ಈ ಪದ ಅವರಿಗೆ ಎದುರಾಯಿತು, ಅದೂ ಎರಡೆರಡು ಅರ್ಥದಲ್ಲಿ. ಭಾರತದಲ್ಲಿದ್ದ ಇಂಗ್ಲಿಷರ ಮಾತಿನ ನಿಘಂಟು ‘ಹಾಬ್ಸನ್ ಜಾಬ್ಸನ್’ 1886ರಲ್ಲಿ ಹೊರಬಂತು. ಅದು ಈ ಪದಕ್ಕೆ ನದಿಗೆ ಇಳಿಯುವ ದಾರಿ, ಬೆಟ್ಟ ಇಳಿಯುವ ದಾರಿ, ಬೆಟ್ಟಸಾಲು ಎಂದು ಅರ್ಥಗಳನ್ನು ಬಿಡಿಸಿ ಹೇಳುತ್ತದೆ. ಅದರ ಇಬ್ಬರು ಸಂಪಾದಕರಲ್ಲಿ ಒಬ್ಬನಾದ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು, ತುಳುನಾಡಿನ ಭೂತಾರಾಧನೆಯ ಬಗ್ಗೆ ಬರೆದವನು. ಘಟ್ಟದ ನೆರಳಲ್ಲಿ ಕೆಲಸ ಮಾಡಿದ ಅವನಿಗೆ ಈ ಪದವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಭಾರತದಿಂದ ಬಹುದೂರ, ಕೆರಿಬಿಯನ್ ಸಮುದ್ರದಲ್ಲಿ ಮಾಂಟ್ಸೆರಾಟ್ ಎಂಬ ಪುಟ್ಟ ದ್ವೀಪವಿದೆ. ಬೆಟ್ಟದಿಂದ ಕಡಲಿಗೆ ಇಳಿಯುವ ಕಡಿದಾದ ಹಳ್ಳಗಳಿಗೆ ಅಲ್ಲಿ ‘ಗಟ್’ ಎನ್ನುತ್ತಾರೆ. ಬರೆಯುವುದು ಮಾತ್ರ ಘಾಟ್‌ನ ಹಳೆಯ ಇಂಗ್ಲಿಷ್ ಕಾಗುಣಿತದಲ್ಲೇ. ಇಂಗ್ಲಿಷಿನದ್ದೇ ಆದ, ಕಿರಿದಾದ ಕಾಲುವೆ ಎಂಬ ಅರ್ಥದ ಇನ್ನೊಂದು ಪದ ಅದರಲ್ಲಿ ಬೆರೆತಿದೆ ಎನ್ನುವವರೂ ಇದ್ದಾರೆ. ಏನೇ ಆಗಲಿ, ಎತ್ತರದಿಂದ ನೀರಿನ ಕಡೆಗೆ ಇಳಿಯುವುದು ಎಂಬ ಮೂಲಗುಣ ಅಲ್ಲೂ ಕಳೆದಿಲ್ಲ. ಪೋರ್ಚುಗೀಸರು ಪದವನ್ನು ಒಯ್ದದ್ದಕ್ಕೆ ಪ್ರತಿಯಾಗಿ ಒಂದು ಹೆಸರನ್ನೂ ಬಿಟ್ಟುಹೋದರು. ಉತ್ತರ ಕನ್ನಡದ ಕ್ಯಾಸಲ್ ರಾಕ್‌ನಿಂದ ಗೋವಾದ ಕುಳೆಂಗೆ ರೈಲು ಇಳಿಯುವ ದಾರಿ ‘ಬ್ರಗಾಂಜಾ ಘಾಟ್’. ಬ್ರಗಾಂಜಾ ಎಂಬುದು ಪೋರ್ಚುಗಲ್ಲಿನ ರಾಜಮನೆತನ. ಅಲ್ಲಿ 37 ಅಡಿ ಮುಂದೆ ಸಾಗಿದರೆ ರೈಲು ಒಂದು ಅಡಿ ಇಳಿಯುತ್ತದೆ. ಅಲ್ಲಿ ಮೆಟ್ಟಿಲಿಲ್ಲದಿದ್ದರೂ ಲೆಕ್ಕ ಮೆಟ್ಟಿಲಿನದೇ.

ಈಗ ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ಯುರೋಪಿನ ಭೂವಿಜ್ಞಾನಿಗಳು ನಮ್ಮ ಪ್ರಸ್ಥಭೂಮಿಯ ಕಪ್ಪು ಕಲ್ಲಿನ ಪದರಗಳಿಗೆ ‘ಡೆಕ್ಕನ್ ಟ್ರ್ಯಾಪ್’ ಎಂದು ಹೆಸರಿಟ್ಟರು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಓದುಗರು ಬೆಳೆದದ್ದು ಆ ಕಲ್ಲಿನ ಮೇಲೆಯೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಮತ್ತೆ ಮತ್ತೆ ಹರಿದು ಪದರದ ಮೇಲೆ ಪದರವಾಗಿ ಆರಿದ ನೆಲ ಅದು. ಮಹಾರಾಷ್ಟ್ರದ ಘಟ್ಟವೂ ಅದೇ ಕಲ್ಲಿನದು, ಸವೆದಾಗ ಅಂಚು ಅಂಚಾಗಿ ನಿಂತಿದೆ. ‘ಟ್ರ್ಯಾಪ್’ ಎಂದರೆ ಇಲ್ಲಿ ಬೋನು ಅಲ್ಲ. ಅದು ಸ್ವೀಡಿಷ್ ಭಾಷೆಯ ‘ಟ್ರಾಪ್ಪಾ’ದಿಂದ ಬಂದದ್ದು, ಅದರ ಅರ್ಥ ಮೆಟ್ಟಿಲು. ಡಚ್ಚರ ‘ಟ್ರಾಪ್’, ಜರ್ಮನರ ‘ಟ್ರೆಪ್ಪ’ ಕೂಡ ಮೆಟ್ಟಿಲುಗಳೇ. ಅಂದರೆ ಕಲ್ಲನ್ನು ನೋಡಿ ಯುರೋಪಿನವರಿಗೆ ಹೊಳೆದದ್ದೂ, ಬೆಟ್ಟವನ್ನು ನೋಡಿ ನಮ್ಮವರಿಗೆ ಹೊಳೆದದ್ದೂ ಒಂದೇ ಚಿತ್ರ. ಭೂಪಟದಲ್ಲಿ ಇಂದು ಎರಡೂ ಹೆಸರುಗಳು ಪಕ್ಕಪಕ್ಕದಲ್ಲಿವೆ, ಒಂದು ಇನ್ನೊಂದರ ಅನುವಾದ ಎಂಬುದು ಎರಡಕ್ಕೂ ಗೊತ್ತಿಲ್ಲ.

ಆ ಚಿತ್ರ ಬರೀ ಕವಿತ್ವವಲ್ಲ. ಗುಜರಾತ್ ಗಡಿಯಿಂದ ಕನ್ಯಾಕುಮಾರಿಯ ಕಡೆಗೆ ಸುಮಾರು 1600 ಕಿಲೋಮೀಟರ್ ಚಾಚಿರುವ ಸಹ್ಯಾದ್ರಿ ಬಹುಪಾಲು ಎರಡೂ ಕಡೆ ಸಮನಾಗಿ ಇಳಿಯುವ ಬೆಟ್ಟವಲ್ಲ. ಕರಾವಳಿಯಿಂದ ನೋಡಿದರೆ ಗೋಡೆಯಂತೆ ನಿಂತಿರುವುದು, ಸಕಲೇಶಪುರದ ಕಡೆಯಿಂದ ಹೋದರೆ ನೆಲವೇ ಮುಗಿದು ಕೆಳಕ್ಕೆ ಬಿದ್ದಂತೆ ಇರುತ್ತದೆ. ಅದು ಪ್ರಸ್ಥಭೂಮಿಯ ಅಂಚು. ಕಡಲಿನಿಂದ ದಖ್ಖನಿಗೆ ಇಟ್ಟ ಒಂದೇ ಒಂದು ದೊಡ್ಡ ಮೆಟ್ಟಿಲು.

ಇನ್ನು ‘ಪಶ್ಚಿಮ’ ಎಂಬ ವಿಶೇಷಣ. ಮಂಗಳೂರಿನವರಿಗೆ, ಉಡುಪಿಯವರಿಗೆ, ಕಾಸರಗೋಡಿನವರಿಗೆ ಘಟ್ಟ ಇರುವುದು ಪೂರ್ವಕ್ಕೆ. ಅವರ ಸೂರ್ಯ ಹುಟ್ಟುವುದೇ ಘಟ್ಟದಲ್ಲಿ. ಅದು ‘ಪಶ್ಚಿಮ’ವಾದದ್ದು ಇಡೀ ದೇಶದ ನಕಾಶೆಯನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದವರಿಗೆ. ನಮ್ಮ ‘ಘಟ್ಟ’ ಕಡಲು ದಾಟಿ ಇಂಗ್ಲಿಷಿಗೆ ಹೋಯಿತು, ಅಲ್ಲಿ ದಿಕ್ಕೊಂದನ್ನು ಅಂಟಿಸಿಕೊಂಡಿತು, ಶಾಲಾಪುಸ್ತಕದ ಮೂಲಕ ‘ಪಶ್ಚಿಮ ಘಟ್ಟ’ವಾಗಿ ಮನೆಗೆ ಮರಳಿತು. ಊರಿನವರು ಮಾತ್ರ ಇಂದಿಗೂ ಬರೀ ‘ಘಟ್ಟ’ ಎನ್ನುತ್ತಾರೆ.

ಈ ಪದ ಒಂದು ಕಾಲದಲ್ಲಿ ನಮ್ಮ ನಾಡಿನ ಹೆಸರಿಗೂ ಕೈ ಹಾಕಿತ್ತು. 18ನೆಯ ಶತಮಾನದ ಪಾರಸಿ ಆಡಳಿತದ ಮಾತಿನಲ್ಲಿ ‘ಕರ್ನಾಟಕ ಬಾಲಾಘಾಟ್’ ಎಂದರೆ ಘಟ್ಟದ ಮೇಲಿನ ಕರ್ನಾಟಕ, ‘ಪಾಯಂಘಾಟ್’ ಎಂದರೆ ಘಟ್ಟದ ಕೆಳಗಿನದು. ಇಲ್ಲಿ ಘಟ್ಟವೆಂದರೆ ಪೂರ್ವದ ಸಾಲು. ಆರ್ಕಾಟಿನ ಬಯಲು ಕೆಳಗಿನ ಪಾಲಿಗೆ ಸೇರಿತ್ತು. ಇಂಗ್ಲಿಷರು ಮೊದಲು ವ್ಯವಹರಿಸಿದ್ದು ಆ ನವಾಬರ ಜೊತೆ, ಹಾಗಾಗಿ ಅವರ ‘ಕರ್ನಾಟಿಕ್’ ತಮಿಳು ಬಯಲಿಗೇ ಅಂಟಿಕೊಂಡಿತು. ಮೇಲಿದ್ದ ನಾಡಿನ ಹೆಸರು ಘಟ್ಟ ಇಳಿದು ಹೋಯಿತು, ಮೇಲಿದ್ದವರು ಮೈಸೂರಿನವರಾಗಿ ಉಳಿದರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಮರಳಿ ಬಂದದ್ದು 1973ರ ನವೆಂಬರ್ 1ರಂದು.

ಹೆಸರುಗಳು ಹತ್ತಿಳಿದಂತೆ ಜನರೂ ಹತ್ತಿಳಿದರು. ಅಲ್ಲಿಗೆ ಈ ಪದ ಸ್ವಲ್ಪ ಮುಳ್ಳಾಗುತ್ತದೆ. ಮುಂಬೈಯ ಓದುಗರು ‘ಘಾಟಿ’ ಎಂಬ ಬೈಗುಳವನ್ನು ಕೇಳಿಯೇ ಇರುತ್ತಾರೆ. ಸಾತಾರಾ, ಸಾಂಗ್ಲಿ, ಕೊಲ್ಲಾಪುರದ ಕಡೆಯಿಂದ ಘಟ್ಟ ಇಳಿದು ಗಿರಣಿಗೆ, ಹಮಾಲಿಗೆ ಬಂದ ಶ್ರಮಿಕರಿಗೆ ಬಿದ್ದ ಹೆಸರು ಅದು. ಘಟ್ಟದಿಂದ ಬಂದವರು ಎಂಬುದಷ್ಟೇ ಅರ್ಥವಾಗಿದ್ದ ಪದ ಒರಟರು, ನಯವಿಲ್ಲದವರು ಎಂದಾಯಿತು. ಈಗ ಮುಂಬೈಯಲ್ಲೇ ಹುಟ್ಟಿದ ನಮ್ಮ ಮಕ್ಕಳೂ ಅರ್ಥ ತಿಳಿಯದೆ ಅದನ್ನು ಎಸೆಯುತ್ತಾರೆ.

ನಾವೇನು ಕಡಿಮೆ? ಕರಾವಳಿಯಲ್ಲಿ ‘ಅವರು ಘಟ್ಟದವರು’ ಎಂದು ಹೇಳುವ ಧ್ವನಿಯಲ್ಲಿ ವಿಳಾಸ ಮಾತ್ರ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಮೇಲಿನವರೂ ‘ಘಟ್ಟದ ಕೆಳಗಿನವರು’ ಎಂದು ಅಷ್ಟೇ ಸೊಗಸಾಗಿ ಮೂಗು ಮುರಿಯುತ್ತಾರೆ. ತಮಾಷೆಯೆಂದರೆ ಅದೇ ಕೆಳಗಿನವರು ಬೆಂಗಳೂರಿಗೆ ಘಟ್ಟ ಹತ್ತಿದರು, ಮುಂಬೈಗೆ ಹಡಗು ಹತ್ತಿದರು, ಹೋಟೆಲು ಇಟ್ಟರು. ಅಲ್ಲಿಯೂ ಅವರಿಗೆ ಏನಾದರೊಂದು ಹೆಸರು ಬಿದ್ದೇ ಬಿತ್ತು. ಮದರಾಸಿನ ಮುಖವನ್ನೇ ನೋಡದಿದ್ದರೂ ದೆಹಲಿಯಲ್ಲಿ ನಾವೆಲ್ಲ ‘ಮದ್ರಾಸಿ’ಗಳು. ಊರು ಬಿಟ್ಟವರೆಲ್ಲ ಯಾರದೋ ಬಾಯಲ್ಲಿ ಘಾಟಿಗಳೇ.

ಹಿಂದಿಯವರು ಈ ಪರಿಸ್ಥಿತಿಗೆ ಎರಡು ಗಾದೆ ಇಟ್ಟುಕೊಂಡಿದ್ದಾರೆ, ಎರಡರಲ್ಲೂ ಘಾಟ್ ಇದೆ. ‘ಧೋಬಿ ಕಾ ಕುತ್ತಾ, ನ ಘರ್ ಕಾ ನ ಘಾಟ್ ಕಾ’ ಎಂಬುದು ಒಂದು. ಅಗಸನ ನಾಯಿ ಮನೆಯದೂ ಅಲ್ಲ, ಬಟ್ಟೆ ಒಗೆಯುವ ಕಟ್ಟೆಯದೂ ಅಲ್ಲ. ಊರಿಗೆ ಹೋದರೆ ‘ಬೊಂಬಾಯಿಯವರು’, ಇಲ್ಲಿದ್ದರೆ ‘ಸೌತ್‌ನವರು’ ಎನಿಸಿಕೊಳ್ಳುವ ನಮಗೆ ಇದು ಚೆನ್ನಾಗಿಯೇ ನಾಟುತ್ತದೆ. ಇನ್ನೊಂದು ‘ಘಾಟ್ ಘಾಟ್ ಕಾ ಪಾನೀ ಪೀನಾ’, ಘಟ್ಟಘಟ್ಟದ ನೀರು ಕುಡಿಯುವುದು. ನಾಲ್ಕೂರು ಸುತ್ತಿ ಪಳಗಿದವರಿಗೆ, ಕೆಲವೊಮ್ಮೆ ಸ್ವಲ್ಪ ಕುಹಕದಿಂದಲೇ, ಹೇಳುವ ಮಾತು. ಎರಡು ಗಾದೆಗಳೂ ಹೇಳುವುದು ಒಬ್ಬನೇ ಮನುಷ್ಯನ ಕಥೆ. ಎಲ್ಲಿಯೂ ಸೇರಲಿಲ್ಲ ಎನ್ನುವುದೋ, ಎಲ್ಲ ಕಡೆಯ ನೀರು ಕುಡಿದೆ ಎನ್ನುವುದೋ, ನಾವು ಆರಿಸಿಕೊಳ್ಳಬೇಕು. ನನ್ನ ಓಟು ಎರಡನೆಯದಕ್ಕೆ.

ಯಾಕೆಂದರೆ ಮೆಟ್ಟಿಲಿಗೆ ‘ಮೇಲಿನವರು’, ‘ಕೆಳಗಿನವರು’ ಎಂಬ ಭೇದವಿಲ್ಲ. ಅದು ಎರಡೂ ಕಡೆಯವರಿಗೆ ಸೇರಿದ ಜಾಗ. ಘಟ್ಟ ಇಲ್ಲದಿದ್ದರೆ ಕರಾವಳಿಯ ಉಪ್ಪು, ಮೀನು ಮೇಲಕ್ಕೆ ಹತ್ತುತ್ತಿರಲಿಲ್ಲ, ಮೇಲಿನ ಅಕ್ಕಿ, ಮೆಣಸು ಕೆಳಕ್ಕೆ ಇಳಿಯುತ್ತಿರಲಿಲ್ಲ. ಘಾಟ್ ಇಲ್ಲದಿದ್ದರೆ ಕಾಶಿ ನದಿಯ ಪಕ್ಕದ ಇನ್ನೊಂದು ದಿಬ್ಬವಾಗಿರುತ್ತಿತ್ತು. ‘ಘಾಟಿ’ ಎಂದು ಯಾರನ್ನಾದರೂ ಹಂಗಿಸುವ ಮಕ್ಕಳಿಗೆ ಇಷ್ಟು ಹೇಳಿದರೂ ಸಾಕು: ಅದು ದಾರಿಯ ಹೆಸರು, ನಮ್ಮ ಅಜ್ಜಂದಿರು ಬಂದದ್ದೂ ಅದೇ ದಾರಿಯಲ್ಲಿ.

ನಿಮ್ಮ ಮನೆಯ ಮಾತಿನಲ್ಲಿ ಘಟ್ಟ ಎಂದರೆ ಏನು? ಬೆಟ್ಟವೋ, ಮೆಟ್ಟಿಲೋ, ಬನ್ನೇರುಘಟ್ಟ, ಶಿಡ್ಲಘಟ್ಟಗಳಂತೆ ಊರ ಹೆಸರಿನ ಬಾಲವೋ? ನಿಮ್ಮ ಊರಿನಿಂದ ಅದು ಯಾವ ದಿಕ್ಕಿಗಿತ್ತು, ಪೂರ್ವಕ್ಕೋ ಪಶ್ಚಿಮಕ್ಕೋ? ಬರೆದು ತಿಳಿಸಿ.